ಪೇಟರ್ ಶ್ರೈಯರ್: ವಿಭಜಿತ ಜರ್ಮನಿಯಲ್ಲಿ ಒಬ್ಬ ಗಾಯಕನ ವೃತ್ತಿಜೀವನ

ಎರಡನೆಯ ಮಹಾಯುದ್ಧದ ತರುವಾಯದ ಜರ್ಮನಿಯ ಇತಿಹಾಸವನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ನಾವು ಸಾಮಾನ್ಯವಾಗಿ ಒಂದು ಗೋಡೆಯಿಂದ ಆರಂಭಿಸಿ, ಆ ಗೋಡೆ ತೆರೆದ ದಿನಕ್ಕೆ ಪಾಠವನ್ನು ಮುಗಿಸುತ್ತೇವೆ. 1949ರಲ್ಲಿ ಎರಡು ರಾಜ್ಯಗಳು ಸ್ಥಾಪಿತವಾದುದು, 1961ರ ಆಗಸ್ಟ್ 13ರಂದು ಬರ್ಲಿನ್ ನಗರದ ನಡುವಣ ಗಡಿಯನ್ನು ಮುಚ್ಚಿದುದು, 1989ರ ನವೆಂಬರ್ 9ರ ರಾತ್ರಿ ಅದು ತೆರೆದುದು, ಈ ಮೂರು ಘಟನೆಗಳನ್ನು ಹೇಳಿಬಿಟ್ಟರೆ ವಿಷಯ ಮುಗಿಯಿತೆಂದು ತಿಳಿಯುತ್ತೇವೆ. ಇದರ ಪರಿಣಾಮವಾಗಿ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಎರಡು ಜರ್ಮನಿಗಳು ನಲವತ್ತು ವರ್ಷ ಒಂದರ ಮುಖವನ್ನೊಂದು ನೋಡದೆ ಬಾಳಿದುವೆಂಬ ಭಾವನೆ ನೆಲೆಗೊಳ್ಳುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ನಾವು ಇಲ್ಲಿ ರಾಜಕಾರಣಿಯೊಬ್ಬನನ್ನಲ್ಲ, ಗಾಯಕನೊಬ್ಬನನ್ನು ಆರಿಸಿಕೊಂಡಿದ್ದೇವೆ. ಈತ ಟೆನರ್ ಎಂದರೆ ಪುರುಷ ಕಂಠಗಳಲ್ಲಿ ಮೇಲು ಸ್ಥಾಯಿಯ ಕಂಠವುಳ್ಳ ಪೇಟರ್ ಶ್ರೈಯರ್ (1935-2019).

ಶ್ರೈಯರ್ ಅವರನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳನ್ನು ಕೇಳುತ್ತೇವೆ. ಸಮಾಜವಾದಿ ರಾಜ್ಯದ ಉದಾರವಾದ ಕಲಾಪೋಷಣೆಯಿಂದ ಬೆಳೆದ ಕಲಾವಿದರು ಅವರೆಂಬುದು ಒಂದು. ಪೂರ್ವದಲ್ಲಿ ಹುಟ್ಟಿದರೂ ಪಶ್ಚಿಮದ ಉತ್ಸವಗಳೂ ಧ್ವನಿಮುದ್ರಣ ಸಂಸ್ಥೆಗಳೂ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದುವೆಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ನಿಜವುಂಟು. ಆದರೆ ಈ ಎರಡು ರಾಜ್ಯಗಳೂ ಹುಟ್ಟುವುದಕ್ಕೆ ಬಹು ಹಿಂದಿನಿಂದ ನಡೆದುಬಂದ ಒಂದು ಸಂಸ್ಥೆ ಆ ಕಂಠವನ್ನು ರೂಪಿಸಿತೆಂಬುದೂ, ಎರಡು ರಾಜ್ಯಗಳೂ ತಾವು ನಿರ್ಮಿಸದ ಆಸ್ತಿಯನ್ನು ತಮ್ಮ ತಮ್ಮ ರೀತಿಯಲ್ಲಿ ಬಳಸಿಕೊಂಡುವೆಂಬುದೂ ನಮ್ಮ ಅಭಿಪ್ರಾಯ.

ಆ ಸಂಸ್ಥೆ ಡ್ರೆಸ್ಡನ್ ನಗರದ ಕ್ರೊಯ್ಟ್ಸ್‌ಕೋರ್; ಎಂದರೆ ಪವಿತ್ರ ಶಿಲುಬೆಯ ಚರ್ಚಿನ ಬಾಲಕ ಗಾಯಕವೃಂದ. ಹದಿಮೂರನೆಯ ಶತಮಾನದ ಆದಿಭಾಗದಿಂದ ತನ್ನ ಪರಂಪರೆಯನ್ನು ಎಣಿಸಿಕೊಳ್ಳುವ ಈ ವೃಂದ 2016ರಲ್ಲಿ ತನ್ನ ಎಂಟುನೂರನೆಯ ವರ್ಷವನ್ನು ಆಚರಿಸಿತು. ಚರ್ಚಿನ ಸಂಗೀತಾಧ್ಯಕ್ಷನಿಗೆ ಕಾಂಟರ್ ಎಂದು ಹೆಸರು. ಹುಡುಗರು ಜೊತೆಯಲ್ಲಿಯೇ ವಾಸಮಾಡಿ, ಶಾಲೆಯ ಪಾಠಗಳೊಡನೆ ಪ್ರತಿದಿನವೂ ಗಾಯನವನ್ನು ಅಭ್ಯಾಸಮಾಡಿ, ವಾರವಾರವೂ ಚರ್ಚಿನಲ್ಲಿ ಹಾಡಬೇಕು. ಗುರುಕುಲಕ್ಕೂ ಇದಕ್ಕೂ ಹೋಲಿಕೆ ಕಾಣುವುದು ಸುಲಭ. ಆದರೆ ಇಲ್ಲಿ ಗುರುವಿಗಿಂತ ಸ್ಥಾನ ದೊಡ್ಡದು. ಕಾಂಟರುಗಳು ಬಂದು ಹೋಗುತ್ತಾರೆ, ವೃಂದ ಉಳಿಯುತ್ತದೆ.

ಶ್ರೈಯರ್ 1935ರ ಜುಲೈ 29ರಂದು ಮೈಸನ್ ಪಟ್ಟಣದಲ್ಲಿ ಜನಿಸಿದರು. ತಂದೆ ಸಮೀಪದ ಗಾವರ್ನಿಟ್ಸ್ ಗ್ರಾಮದಲ್ಲಿ ಉಪಾಧ್ಯಾಯರೂ ಚರ್ಚಿನ ಕಾಂಟರರೂ ಆಗಿದ್ದರು. ಈ ಎರಡು ಉದ್ಯೋಗಗಳು ಒಬ್ಬನಲ್ಲಿಯೇ ಸೇರಿರುವುದು ಸ್ಯಾಕ್ಸನಿ ಪ್ರಾಂತದ ಹಳ್ಳಿಗಳ ಹಳೆಯ ಪದ್ಧತಿ. ಬಾಲಕನು ಎಂಟನೆಯ ವಯಸ್ಸಿನಲ್ಲಿಯೇ ಕ್ರೊಯ್ಟ್ಸ್‌ಕೋರ್‌ನ ಸಿದ್ಧತಾ ತರಗತಿಗೆ ಸೇರಿದನು. 1944ರಲ್ಲಿ ಡ್ರೆಸ್ಡನ್ನಿನ ಅಪೆರಾ ಭವನದಲ್ಲಿ ಮೋಟ್ಸಾರ್ಟನ ‘ಮಾಯಾ ಕೊಳಲು’ ಗೀತನಾಟಕದ ಮೂವರು ಬಾಲಕರಲ್ಲಿ ಒಬ್ಬನಾಗಿ ರಂಗವನ್ನೇರಿದನು. ಕೆಲವೇ ತಿಂಗಳುಗಳಲ್ಲಿ ಆ ಭವನವೂ ಇರಲಿಲ್ಲ, ಆ ನಗರವೂ ಇರಲಿಲ್ಲ.

1945ರ ಫೆಬ್ರುವರಿ 13ರ ರಾತ್ರಿ ಆರಂಭವಾದ ವಾಯುದಾಳಿಯಲ್ಲಿ ಡ್ರೆಸ್ಡನ್ನಿನ ಮಧ್ಯಭಾಗವು ಸುಟ್ಟು ಬೂದಿಯಾಯಿತು. ಇಲ್ಲಿ ಪ್ರಸಂಗವಶಾತ್ ಒಂದು ಮಾತನ್ನು ಹೇಳಬೇಕಾಗಿದೆ. ಮಡಿದವರ ಸಂಖ್ಯೆಯನ್ನು ಲಕ್ಷಗಳಲ್ಲಿ ಹೇಳುವ ಪುಸ್ತಕಗಳು ನಮ್ಮ ಗ್ರಂಥಾಲಯಗಳಲ್ಲಿ ಇನ್ನೂ ಇವೆ. ಆ ಅಂಕಿಗಳ ಮೂಲವನ್ನು ಹುಡುಕುತ್ತ ಹೋದರೆ ನಾಟ್ಸಿ ಸರ್ಕಾರದ ಪ್ರಚಾರ ಇಲಾಖೆಗೆ ಹೋಗಿ ನಿಲ್ಲುತ್ತೇವೆ. ನಗರಾಡಳಿತವು ನೇಮಿಸಿದ ಇತಿಹಾಸಕಾರರ ಆಯೋಗವು ದೀರ್ಘಕಾಲದ ಪರಿಶೀಲನೆಯ ತರುವಾಯ 2010ರಲ್ಲಿ ನೀಡಿದ ವರದಿಯಂತೆ ಮಡಿದವರು ಸುಮಾರು 25,000ದವರೆಗೆ. ಸಂಖ್ಯೆ ಕಡಿಮೆಯಾಯಿತೆಂದ ಮಾತ್ರಕ್ಕೆ ದುರಂತ ಕಿರಿದಾಗುವುದಿಲ್ಲ. ಮಡಿದವರಲ್ಲಿ ಗಾಯಕವೃಂದದ ಹನ್ನೊಂದು ಮಂದಿ ಬಾಲಕರೂ ಇದ್ದರು. ಶಾಲೆ ನಾಶವಾಯಿತು; ಚರ್ಚಿನ ಒಳಭಾಗ ಪೂರ್ತಿಯಾಗಿ ಸುಟ್ಟುಹೋಯಿತು.

ಆಗ ಕಾಂಟರ್ ಆಗಿದ್ದವರು ರುಡಾಲ್ಫ್ ಮೌವರ್ಸ್‌ಬರ್ಗರ್. 1930ರಲ್ಲಿ ಅಧಿಕಾರಕ್ಕೆ ಬಂದ ಇವರು ವೈಮಾರ್ ಗಣರಾಜ್ಯ, ಹಿಟ್ಲರನ ಆಳ್ವಿಕೆ, ಸೋವಿಯತ್ ಸೇನಾಡಳಿತ, ಪೂರ್ವ ಜರ್ಮನ್ ಗಣರಾಜ್ಯ ಎಂಬ ನಾಲ್ಕು ಆಡಳಿತಗಳನ್ನು ಅದೇ ಪೀಠದಲ್ಲಿ ಕುಳಿತು ಕಂಡರು. 1933ರಲ್ಲಿ ಅವರು ನಾಟ್ಸಿ ಪಕ್ಷದ ಸದಸ್ಯರಾದುದನ್ನು ಮರೆಮಾಡುವಂತಿಲ್ಲ. ಮರೆಮಾಡಿದರೆ ಮುಂದೆ ಹೇಳಲಿರುವುದೂ ಅರ್ಥವಾಗದು. ಸಂಸ್ಥೆಯನ್ನು ಉಳಿಸುವುದಕ್ಕಾಗಿ ಆಳುವವರೊಡನೆ ಹೊಂದಿಕೊಳ್ಳುವುದು, ಹೊಂದಿಕೊಂಡೂ ಒಳಗಿನ ಪಾಠವನ್ನು ಬಿಡದಿರುವುದು, ಈ ವಿದ್ಯೆಯನ್ನು ಆ ಪೀಠ ಬಹುಕಾಲದಿಂದ ಬಲ್ಲದು. ದಾಳಿಯಾದ ಆರೇಳು ವಾರಗಳಲ್ಲಿಯೇ ಮೌವರ್ಸ್‌ಬರ್ಗರ್ ಯೆರೆಮೀಯನ ಪ್ರಲಾಪಗಳ ವಾಕ್ಯಗಳನ್ನಾಯ್ದು ಹಾಳಾದ ನಗರವನ್ನು ಕುರಿತ ಒಂದು ವೃಂದಗಾನವನ್ನು ರಚಿಸಿದರು. 1945ರ ಆಗಸ್ಟ್ 4ರಂದು, ಚೆದುರಿಹೋಗಿದ್ದ ಹುಡುಗರನ್ನು ಮತ್ತೆ ಕೂಡಿಸಿಕೊಂಡು, ಸುಟ್ಟ ಚರ್ಚಿನ ಗೋಡೆಗಳ ನಡುವೆಯೇ ಅದನ್ನು ಹಾಡಿಸಿದರು.

ಶ್ರೈಯರ್ ಈ ವೃಂದವನ್ನು ಪೂರ್ಣ ಸದಸ್ಯನಾಗಿ ಸೇರಿದುದು ಅದೇ ಬೇಸಗೆಯಲ್ಲಿ, ಹತ್ತನೆಯ ವಯಸ್ಸಿಗೆ ಕಾಲಿಡುತ್ತಿದ್ದಾಗ. ಹುಡುಗನಲ್ಲಿ ಅಸಾಧಾರಣವಾದ ಆಲ್ಟೋ ಕಂಠ, ಎಂದರೆ ಬಾಲಕಂಠಗಳಲ್ಲಿ ಕೆಳಸ್ಥಾಯಿಯದು, ಇರುವುದನ್ನು ಮೌವರ್ಸ್‌ಬರ್ಗರ್ ಕಂಡುಕೊಂಡರು. ಅವನ ಕಂಠವನ್ನೇ ಗಮನದಲ್ಲಿಟ್ಟು ಏಕಗಾನಗಳನ್ನು ರಚಿಸಿದರು. ಆ ಬಾಲ್ಯದ ಗಾಯನದ ಧ್ವನಿಮುದ್ರಣಗಳು ಉಳಿದುಬಂದಿವೆ. ಅವನ್ನು ಕೇಳಿದಾಗ ನಮ್ಮ ಗಮನವನ್ನು ಸೆಳೆಯುವುದು ಇಂಪಿಗಿಂತ ಹೆಚ್ಚಾಗಿ ಮಾತಿನ ಸ್ಪಷ್ಟತೆ. ಪ್ರತಿಯೊಂದು ವ್ಯಂಜನವೂ ತನ್ನ ಸ್ಥಾನದಲ್ಲಿ ನಿಂತಿರುತ್ತದೆ. ವಾಕ್ಯದ ಭಾರ ಎಲ್ಲಿ ಬೀಳಬೇಕೋ ಅಲ್ಲಿಯೇ ಬೀಳುತ್ತದೆ. ಅರುವತ್ತು ವರ್ಷಗಳ ಮೇಲೆ ಹಾಡುವುದನ್ನು ನಿಲ್ಲಿಸಿದಾಗಲೂ ಅವರ ಮುಖ್ಯ ಗುಣ ಇದೇ ಆಗಿತ್ತು.

ಹದಿನಾರನೆಯ ವಯಸ್ಸಿನಲ್ಲಿ ಕಂಠ ಒಡೆದು ಟೆನರ್ ಆಯಿತು. ಲೈಪ್ಜಿಗ್‌ನಲ್ಲಿ ಖಾಸಗಿಯಾಗಿಯೂ, 1956ರಿಂದ 1959ರವರೆಗೆ ಡ್ರೆಸ್ಡನ್ನಿನ ಸಂಗೀತ ವಿದ್ಯಾಲಯದಲ್ಲಿಯೂ ಶಿಕ್ಷಣ ನಡೆಯಿತು. ಗಾಯನದೊಡನೆ ವಾದ್ಯವೃಂದ ನಿರ್ದೇಶನವನ್ನೂ ಕಲಿತರು. 1959ರಲ್ಲಿ ಡ್ರೆಸ್ಡನ್ ರಾಜ್ಯ ಅಪೆರಾದಲ್ಲಿ ಬೇಟೋಫನ್ನನ ‘ಫಿಡೇಲಿಯೋ’ದ ಮೊದಲನೆಯ ಸೆರೆಯಾಳಿನ ಪಾತ್ರದಿಂದ ಅವರ ರಂಗಪ್ರವೇಶವಾಯಿತು. ಕೆಲವೇ ಸಾಲುಗಳ ಸಣ್ಣ ಪಾತ್ರ. ಕತ್ತಲೆಕೋಣೆಯಿಂದ ಸೆರೆಯಾಳುಗಳನ್ನು ಕ್ಷಣಕಾಲ ಬೆಳಕಿಗೆ ಬಿಟ್ಟಾಗ ಒಬ್ಬನು ಮುಂದೆ ಬಂದು ಬಿಡುಗಡೆಯ ಆಸೆಯನ್ನು ಹಾಡುತ್ತಾನೆ. ಮೂವತ್ತು ವರ್ಷಗಳ ಮೇಲೆ, 1989ರ ಅಕ್ಟೋಬರ್ 7ರಂದು, ಪೂರ್ವ ಜರ್ಮನ್ ಗಣರಾಜ್ಯದ ನಲವತ್ತನೆಯ ವರ್ಷದ ಉತ್ಸವದ ದಿನವೇ, ಡ್ರೆಸ್ಡನ್ನಿನಲ್ಲಿ ಇದೇ ಕೃತಿಯ ಹೊಸ ಪ್ರಯೋಗ ನಡೆಯಿತು. ರಂಗದ ಮೇಲೆ ಮುಳ್ಳುತಂತಿ. ಹೊರಗೆ ಬೀದಿಯಲ್ಲಿ ಪ್ರತಿಭಟನಕಾರರು. ಶ್ರೈಯರ್ ಆ ಪ್ರಯೋಗದಲ್ಲಿ ಇರಲಿಲ್ಲ. ಆದರೂ ಆ ಕಾಲದ ಇತಿಹಾಸವನ್ನು ಬರೆಯುವವರು ಈ ಎರಡು ದಿನಾಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಈಗ ಗೋಡೆಯ ವಿಷಯಕ್ಕೆ ಬರೋಣ. 1961ರ ಆಗಸ್ಟಿನವರೆಗೆ ಪೂರ್ವ ಬರ್ಲಿನ್ನಿನ ರಾಜ್ಯ ಅಪೆರಾದ ಕಲಾವಿದರಲ್ಲಿ ಅನೇಕರು ಪಶ್ಚಿಮ ಬರ್ಲಿನ್ನಿನಲ್ಲಿ ಮನೆಮಾಡಿಕೊಂಡು, ದಿನವೂ ಗಡಿ ದಾಟಿ ಕೆಲಸಕ್ಕೆ ಬರುತ್ತಿದ್ದರು. ಗಡಿ ಮುಚ್ಚಿದೊಡನೆ ಆ ಸಂಸ್ಥೆಯು ತನ್ನ ಗಾಯಕರಲ್ಲಿಯೂ ವಾದ್ಯಗಾರರಲ್ಲಿಯೂ ಗಣನೀಯ ಭಾಗವನ್ನು ಕಳೆದುಕೊಂಡಿತು. ಲಘು ಟೆನರ್ ಪಾತ್ರಗಳಿಗೆ ಆಧಾರವಾಗಿದ್ದ ಗೆರ್ಹಾರ್ಡ್ ಉಂಗರ್ ಅವರೂ ಪಶ್ಚಿಮ ಜರ್ಮನಿಯ ರಂಗಗಳಿಗೆ ಹೋದರು. ತೆರವಾದ ಸ್ಥಾನಗಳನ್ನು ಡ್ರೆಸ್ಡನ್ ಮೊದಲಾದ ನಗರಗಳ ತರುಣರಿಂದ ತುಂಬಬೇಕಾಯಿತು. 1962ರಲ್ಲಿ ಮೋಟ್ಸಾರ್ಟನ ‘ಅಂತಃಪುರದಿಂದ ಅಪಹರಣ’ದ ಬೆಲ್ಮೋಂಟೆ ಪಾತ್ರದಿಂದ ಹೆಸರುಗಳಿಸಿದ್ದ ಶ್ರೈಯರ್ 1963ರಲ್ಲಿ ಬರ್ಲಿನ್ ಅಪೆರಾಕ್ಕೆ ಬಂದರು. ಸಾವಿರಾರು ಕುಟುಂಬಗಳನ್ನು ಒಡೆದ ಗೋಡೆಯೇ ಇಪ್ಪತ್ತೆಂಟು ವರ್ಷದ ಒಬ್ಬ ಗಾಯಕನಿಗೆ ದಾರಿಯನ್ನು ತೆರವುಮಾಡಿತು. ಇದು ಅವರ ತಪ್ಪಲ್ಲ. ಆದರೆ ಅವರ ಜೀವನಚರಿತ್ರೆಯಿಂದ ಬಿಟ್ಟುಬಿಡತಕ್ಕ ಸಂಗತಿಯೂ ಅಲ್ಲ.

ಮರಣವೊಂದು ಎರಡನೆಯ ದಾರಿಯನ್ನು ತೆರೆಯಿತು. ಪಶ್ಚಿಮ ಜರ್ಮನಿಯಲ್ಲಿ ಆ ಕಾಲಕ್ಕೆ ಫ್ರಿಟ್ಸ್ ವುಂಡರ್ಲಿಖ್‌ಗೆ ಸಮನಾದ ಟೆನರ್ ಇರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ ಮೊದಲ ಬಾರಿಗೆ ಹಾಡಲು ಸಿದ್ಧರಾಗಿದ್ದ ಅವರು ಮೆಟ್ಟಿಲಿನಿಂದ ಬಿದ್ದು 1966ರ ಸೆಪ್ಟೆಂಬರ್ 17ರಂದು, ಮೂವತ್ತಾರು ತುಂಬಲು ಕೆಲವೇ ದಿನಗಳಿರುವಾಗ, ತೀರಿಕೊಂಡರು. ಅದೇ ಬೇಸಗೆಯಲ್ಲಿ ಶ್ರೈಯರ್ ಬೈರಾಯ್ಟ್ ಉತ್ಸವದಲ್ಲಿ ಕಾರ್ಲ್ ಬೋಮ್ ಅವರ ನಿರ್ದೇಶನದ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯ ತರುಣ ನಾವಿಕನ ಪಾತ್ರವನ್ನು ಹಾಡಿದ್ದರು. 1967ರಲ್ಲಿ ಸಾಲ್ಜ್‌ಬರ್ಗ್ ಉತ್ಸವದಲ್ಲಿ ‘ಮಾಯಾ ಕೊಳಲು’ ನಾಟಕದ ನಾಯಕ ಟಮೀನೋ ಆದರು. ವಿಯೆನ್ನಾ ಅಪೆರಾ ಅವರನ್ನು ಕರೆಯಿತು. ಆ ವರ್ಷದ ಕೊನೆಯಲ್ಲಿ ಮೆಟ್ರೊಪಾಲಿಟನ್ ರಂಗದ ಮೇಲೂ ಅದೇ ಪಾತ್ರದಲ್ಲಿ ನಿಂತರು. ಇಬ್ಬರ ಕಂಠಗಳಲ್ಲಿ ಹೋಲಿಕೆ ಇಲ್ಲ. ವುಂಡರ್ಲಿಖ್ ಅವರದು ತುಂಬು ಕಂಠ, ಬಿಸಿಲಿನ ಕಂಠ. ಶ್ರೈಯರ್ ಅವರದು ಕಿರಿದು, ಒಮ್ಮೊಮ್ಮೆ ಒಣಗಿದಂತೆಯೂ ತೋರುವುದು. ಇಂಪನ್ನೇ ಬಯಸಿ ಬಂದ ಶ್ರೋತೃವಿಗೆ ನಿರಾಶೆಯಾಗಬಹುದು. ಅವರನ್ನು ಕೇಳಬೇಕಾದುದು ಅರ್ಥಕ್ಕಾಗಿ.

ಈ ದಿನಾಂಕಗಳಲ್ಲಿ ರಾಜತಾಂತ್ರಿಕ ಇತಿಹಾಸದ ವಿದ್ಯಾರ್ಥಿಗೆ ಬೇರೊಂದು ಸ್ವಾರಸ್ಯವಿದೆ. 1967ರಲ್ಲಿ ಆಸ್ಟ್ರಿಯವಾಗಲಿ ಅಮೆರಿಕವಾಗಲಿ ಪೂರ್ವ ಜರ್ಮನಿಯನ್ನು ರಾಜ್ಯವೆಂದು ಮಾನ್ಯಮಾಡಿರಲಿಲ್ಲ. ಅದನ್ನು ಮಾನ್ಯಮಾಡುವ ದೇಶಗಳೊಡನೆ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಪಶ್ಚಿಮ ಜರ್ಮನಿ ಘೋಷಿಸಿತ್ತು. ನಮ್ಮ ದೇಶ ಮತ್ತು ಆಸ್ಟ್ರಿಯ 1972ರಲ್ಲಿಯೂ, ಅಮೆರಿಕ 1974ರಲ್ಲಿಯೂ ಮನ್ನಣೆಯಿತ್ತುವು. ಆದುದರಿಂದ ಆ ರಾಜ್ಯದ ರಾಯಭಾರಿಗೆ ಪ್ರವೇಶವಿಲ್ಲದ ನಗರಗಳಲ್ಲಿ ಅದರ ಗಾಯಕನಿಗೆ ಪ್ರವೇಶವಿದ್ದಿತು. ಇದನ್ನು ಪೂರ್ವ ಬರ್ಲಿನ್ನಿನ ಅಧಿಕಾರಿಗಳು ಚೆನ್ನಾಗಿ ಅರಿತಿದ್ದರು. ಹೊರದೇಶದ ಒಪ್ಪಂದಗಳೆಲ್ಲವೂ ಸರ್ಕಾರದ ಕಲಾವಿದರ ಏಜೆನ್ಸಿಯ ಮೂಲಕವೇ ನಡೆಯಬೇಕಾಗಿತ್ತು. ವಿದೇಶೀ ನಾಣ್ಯದಲ್ಲಿ ಬಂದ ಸಂಭಾವನೆಯಲ್ಲಿ ಒಂದು ಭಾಗವನ್ನು ಸರ್ಕಾರ ಇಟ್ಟುಕೊಳ್ಳುತ್ತಿತ್ತು. ಕೀರ್ತಿಯೂ ಬಂದಿತು, ಹಣವೂ ಬಂದಿತು.

ಧ್ವನಿಮುದ್ರಣದ ಕ್ಷೇತ್ರದಲ್ಲಿ ಈ ವ್ಯವಹಾರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಡ್ರೆಸ್ಡನ್ನಿನಲ್ಲಿ ಯುದ್ಧದಿಂದ ಹಾನಿಗೊಂಡಿದ್ದ ಸಂತ ಲೂಕನ ಚರ್ಚನ್ನು ಸರ್ಕಾರದ ಧ್ವನಿಮುದ್ರಣ ಸಂಸ್ಥೆ ತನ್ನ ಮುದ್ರಣಶಾಲೆಯಾಗಿ ಬಳಸಿಕೊಂಡಿತು. ಡ್ರೆಸ್ಡನ್ನಿನ ವಾದ್ಯವೃಂದ ಉತ್ತಮವಾದುದು, ಅಲ್ಲಿಯ ಖರ್ಚು ಕಡಿಮೆ, ಚರ್ಚಿನ ನಾದಗುಣ ಶ್ರೇಷ್ಠ. ಆದಕಾರಣ ಪಶ್ಚಿಮದ ಸಂಸ್ಥೆಗಳು ಪಾಲುದಾರರಾಗಿ ತಾವೇ ಅಲ್ಲಿಗೆ ಬಂದುವು. 1970ರಲ್ಲಿ ಹೆರ್ಬರ್ಟ್ ಫಾನ್ ಕಾರಾಯಾನ್ ಅಲ್ಲಿ ವಾಗ್ನರನ ‘ಮೈಸ್ಟರ್‌ಸಿಂಗರ್’ ಕೃತಿಯನ್ನು ಮುದ್ರಿಸಿದಾಗ ಶ್ರೈಯರ್ ಡೇವಿಡ್ ಆಗಿದ್ದರು. 1973ರಲ್ಲಿ ಕಾರ್ಲೋಸ್ ಕ್ಲೈಬರ್ ವೇಬರನ ‘ಫ್ರೈಶ್ಯುಟ್ಸ್’ ಕೃತಿಯನ್ನು ಮುದ್ರಿಸಿದಾಗ ನಾಯಕ ಮಾಕ್ಸ್ ಆಗಿದ್ದರು. ಒಂದೇ ಮುದ್ರಣ ಪೂರ್ವದಲ್ಲಿ ಎಟೆರ್ನಾ ಎಂಬ ಸರ್ಕಾರೀ ಹೆಸರಿನಲ್ಲಿಯೂ ಪಶ್ಚಿಮದಲ್ಲಿ ಖಾಸಗಿ ಸಂಸ್ಥೆಗಳ ಹೆಸರಿನಲ್ಲಿಯೂ ಹೊರಬಂದಿತು. ಗೋಡೆಯ ಎರಡು ಕಡೆಯ ಮನೆಗಳಲ್ಲಿಯೂ ಜನ ಅದೇ ಗಾಯನವನ್ನು ಕೇಳುತ್ತಿದ್ದರು. ಎರಡು ಜರ್ಮನಿಗಳು ಪರಸ್ಪರ ಅಪರಿಚಿತವೆನ್ನುವವರು ಈ ತಟ್ಟೆಗಳ ಹೊದಿಕೆಗಳನ್ನು ಓದಿ ನೋಡಬೇಕು.

ಆದರೂ ಶ್ರೈಯರ್ ಅವರ ನಿಜವಾದ ಕ್ಷೇತ್ರ ಅಪೆರಾ ಅಲ್ಲ, ಬಾಖ್. ಯೇಸುವಿನ ಬಂಧನ, ವಿಚಾರಣೆ, ಮರಣಗಳ ಕಥೆಯನ್ನು ಬಾಖ್ ‘ಮತ್ತಾಯನ ಪ್ಯಾಷನ್’ ಎಂಬ ಕೃತಿಯಲ್ಲಿ ಸಂಗೀತಕ್ಕೆ ಅಳವಡಿಸಿದ್ದಾನೆ. ಇದರಲ್ಲಿ ಕಥೆಯನ್ನು ಹೇಳುತ್ತ ಹೋಗುವವನು ಸುವಾರ್ತಾಕಾರ. ಇದು ಟೆನರ್ ಪಾತ್ರ. ಆತ ಹಾಡುವುದು ಅರೆ ಮಾತು, ಅರೆ ರಾಗ. ಗಮಕ ವಾಚನವನ್ನು ಕೇಳಿ ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಇಲ್ಲಿ ರಾಗವು ಪದಕ್ಕೆ ಸೇವಕ. ಪದ ಕೆಟ್ಟರೆ ರಾಗದಿಂದ ಪ್ರಯೋಜನವಿಲ್ಲ. ಮೌವರ್ಸ್‌ಬರ್ಗರ್ ಹತ್ತು ವರ್ಷದ ಹುಡುಗನಿಗೆ ಕಲಿಸಿದ್ದು ಇದನ್ನೇ. 1970ರಲ್ಲಿ ಲೂಕನ ಚರ್ಚಿನಲ್ಲಿ ಈ ಕೃತಿಯ ಮುದ್ರಣವಾದಾಗ ಡ್ರೆಸ್ಡನ್ನಿನ ವೃಂದವನ್ನು ರುಡಾಲ್ಫ್ ಅವರೂ, ಬಾಖನು ಹಿಂದೆ ನಡೆಸುತ್ತಿದ್ದ ಲೈಪ್ಜಿಗ್‌ನ ಥೋಮಸ್ ಚರ್ಚಿನ ವೃಂದವನ್ನು ಅವರ ತಮ್ಮ ಎರ್ಹಾರ್ಡ್ ಅವರೂ ಸಿದ್ಧಪಡಿಸಿದ್ದರು. ಸುವಾರ್ತಾಕಾರನು ಶ್ರೈಯರ್, ಕ್ರಿಸ್ತನು ಥೇಯೋ ಆಡಂ. ಇಬ್ಬರೂ ಕ್ರೊಯ್ಟ್ಸ್‌ಕೋರ್‌ನಲ್ಲಿ ಬೆಳೆದವರು. ಮರುವರ್ಷದ ಫೆಬ್ರುವರಿಯಲ್ಲಿ ರುಡಾಲ್ಫ್ ತೀರಿಕೊಂಡರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ನಿರೀಶ್ವರವಾದವನ್ನು ಶಾಲೆಗಳಲ್ಲಿ ಬೋಧಿಸುತ್ತಿದ್ದ ರಾಜ್ಯದ ಸರ್ಕಾರೀ ಸಂಸ್ಥೆಯು ಕ್ರಿಸ್ತನ ಯಾತನೆಯ ಕಥೆಯನ್ನು ಚರ್ಚಿನ ಬಾಲಕರಿಂದ ಹಾಡಿಸಿ ಲೋಕಕ್ಕೆ ಮಾರಿತು. 1950ರಲ್ಲಿ, ಬಾಖ್ ತೀರಿಕೊಂಡು ಇನ್ನೂರು ವರ್ಷಗಳಾದಾಗ, ಆ ರಾಜ್ಯ ಲೈಪ್ಜಿಗ್‌ನಲ್ಲಿ ದೊಡ್ಡ ಉತ್ಸವವನ್ನು ನಡೆಸಿ, ಬಾಖನು ಧರ್ಮಭಕ್ತನಿಗಿಂತ ಹೆಚ್ಚಾಗಿ ಪ್ರಗತಿಪರ ರಾಷ್ಟ್ರೀಯ ಕಲಾವಿದನೆಂದು ಸಾರಿತ್ತು. ಅದೇ ರಾಜ್ಯ, ಬಾಖನ ಹಿರಿಯ ಮಗ ಆರ್ಗನ್ ನುಡಿಸುತ್ತಿದ್ದ ಡ್ರೆಸ್ಡನ್ನಿನ ಸೋಫಿಯಾ ಚರ್ಚಿನ ಅವಶೇಷಗಳನ್ನು 1962-63ರಲ್ಲಿ ಕೆಡವಿತು. ಯುದ್ಧದಲ್ಲಿ ಉಳಿದುಕೊಂಡಿದ್ದ ಲೈಪ್ಜಿಗ್ ವಿಶ್ವವಿದ್ಯಾಲಯದ ಚರ್ಚನ್ನು 1968ರ ಮೇ 30ರಂದು ಸಿಡಿಮದ್ದಿಟ್ಟು ಉರುಳಿಸಿತು. ಕಲ್ಲಿನ ಚರ್ಚು ಬೇಡ, ಅದರೊಳಗಿನ ಸಂಗೀತ ಬೇಕು. ಇದು ಆ ಆಡಳಿತದ ನೀತಿ. ಆದರೆ ಸಂಗೀತವನ್ನು ಹಾಗೆ ಬೇರ್ಪಡಿಸಿ ಎತ್ತಿಕೊಳ್ಳಲು ಆಗುವುದಿಲ್ಲ. ಸುವಾರ್ತಾಕಾರನನ್ನು ತಯಾರುಮಾಡಬೇಕಾದರೆ ವಾರವಾರವೂ ಸುವಾರ್ತೆಯನ್ನು ಹಾಡುವ ಒಂದು ಸ್ಥಳ ಬೇಕು. ಬಾಖನು ಬೇಕಾಗಿದ್ದುದರಿಂದ ವೃಂದ ಬೇಕಾಯಿತು. ವೃಂದಕ್ಕಾಗಿ ಚರ್ಚಿನ ಸೇವೆಯನ್ನು ಸಹಿಸಬೇಕಾಯಿತು. ಆ ರಾಜ್ಯದ ಸಾಂಸ್ಕೃತಿಕ ನೀತಿಯನ್ನು ಕೇವಲ ಕಟ್ಟಳೆಗಳಿಂದ ಅಳೆಯುವವರು ಈ ಒಪ್ಪಂದವನ್ನು ಕಾಣದೆ ಹೋಗುತ್ತಾರೆ.

ಇನ್ನು ಉಳಿದುದು ಕಷ್ಟವಾದ ಪ್ರಶ್ನೆ. ಸಾಮಾನ್ಯ ಪ್ರಜೆ ದಾಟಲಾರದ ಗಡಿಯನ್ನು ಶ್ರೈಯರ್ ವರ್ಷಕ್ಕೆ ಹಲವು ಬಾರಿ ದಾಟಿದರು. ಬರ್ಲಿನ್ನಿನ ಗೋಡೆಯ ಬಳಿ ಮಡಿದವರು ಕನಿಷ್ಠ 140 ಮಂದಿಯೆಂದು ಸಂಶೋಧಕರು ದಾಖಲೆ ಮಾಡಿದ್ದಾರೆ. ಅದೇ ರಾಜ್ಯ ಶ್ರೈಯರ್ ಅವರಿಗೆ ರಾಷ್ಟ್ರೀಯ ಪ್ರಶಸ್ತಿಯನ್ನಿತ್ತು ಗೌರವಿಸಿತು. 1988ರಲ್ಲಿ ಪಶ್ಚಿಮ ಜರ್ಮನಿಯ ಎರ್ನ್‌ಸ್ಟ್ ಫಾನ್ ಸೀಮೆನ್ಸ್ ಸಂಗೀತ ಪ್ರಶಸ್ತಿಯೂ ಬಂದಿತು. ಅವರು ಹೊರಗೆ ಉಳಿದುಬಿಡಬಹುದಾಗಿತ್ತು. ಉಳಿಯಲಿಲ್ಲ; ಪ್ರತಿಸಲವೂ ಡ್ರೆಸ್ಡನ್ನಿಗೆ ಹಿಂದಿರುಗಿದರು. ಇದನ್ನು ಕೆಲವರು ನಿಷ್ಠೆಯೆಂದೂ ಕೆಲವರು ಅನುಕೂಲವೆಂದೂ ಕರೆಯಬಹುದು. ವಿಶೇಷ ಸೌಲಭ್ಯ ಪಡೆದವನು, ಕೊಟ್ಟ ಕೈಗೆ ಸ್ವಲ್ಪಮಟ್ಟಿಗಾದರೂ ಋಣಿಯಾಗುತ್ತಾನೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಿಂದಿರುಗಿದುದು ಯಾವುದಕ್ಕೆ ಎಂಬುದನ್ನೂ ನೋಡಬೇಕು. ಅವರ ಕಲೆಗೆ ಮೂಲವಾದ ವೃಂದ, ವಾದ್ಯಮೇಳ, ಚರ್ಚು, ಇವನ್ನು ಪೆಟ್ಟಿಗೆಯಲ್ಲಿಟ್ಟು ಮ್ಯೂನಿಕ್ಕಿಗೆ ಒಯ್ಯುವುದು ಸಾಧ್ಯವಿರಲಿಲ್ಲ. ಸರ್ಕಾರದ ನಿಷ್ಠೆಯನ್ನೂ ಊರಿನ ನಿಷ್ಠೆಯನ್ನೂ ಒಂದೇ ಎಂದೆಣಿಸಿ ತೀರ್ಪುಕೊಡುವುದು ಇತಿಹಾಸಕಾರನಿಗೆ ತಕ್ಕ ಕೆಲಸವಲ್ಲ.

1985ರ ಫೆಬ್ರುವರಿ 13ರಂದು, ನಾಶವಾಗಿ ನಲವತ್ತು ವರ್ಷಗಳಾದ ದಿನವೇ, ಡ್ರೆಸ್ಡನ್ನಿನ ಅಪೆರಾ ಭವನವು ಪುನರ್ನಿರ್ಮಿತವಾಗಿ ತೆರೆಯಿತು. ನಾಲ್ಕು ದಿನಗಳ ಮೇಲೆ ಶ್ರೈಯರ್ ಅಲ್ಲಿ ಸೋವಿಯತ್ ಪಿಯಾನೋವಾದಕ ಸ್ವ್ಯಾತೊಸ್ಲಾವ್ ರಿಖ್ಟರ್ ಅವರೊಡನೆ ಶೂಬರ್ಟನ ‘ಚಳಿಗಾಲದ ಪಯಣ’ವನ್ನು ಹಾಡಿದರು. ಒಂಬತ್ತು ವರ್ಷದ ಹುಡುಗನಾಗಿ ಅದೇ ಸ್ಥಳದಲ್ಲಿ ನಿಂತಿದ್ದವರಿಗೆ ಆಗ ನಲವತ್ತೊಂಬತ್ತು ವರ್ಷ. ಈ ಕಛೇರಿಯ ಮುದ್ರಣ ದೊರೆಯುತ್ತದೆ. ಅವರ ಗಾಯನವನ್ನು ಮೊದಲು ಕೇಳಬಯಸುವವರಿಗೆ ನಾವು ಸೂಚಿಸುವುದು ಇದನ್ನು, ಅಪೆರಾಗಳನ್ನಲ್ಲ.

ಜರ್ಮನಿ ಒಂದಾದ ತರುವಾಯದ ಹದಿನೈದು ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಅವರ ದಾರಿ ಹೆಚ್ಚು ಬದಲಾಗಲಿಲ್ಲ. ಪೂರ್ವದಲ್ಲಿ ರಾಜ್ಯ ಬಿದ್ದುಹೋದರೂ ಅವರ ಕಾರ್ಯಕ್ರಮ ಪಟ್ಟಿ ಹಾಗೆಯೇ ಮುಂದುವರಿದುದು ಮೇಲಿನ ಅಭಿಪ್ರಾಯಕ್ಕೆ ಒಂದು ಸಾಕ್ಷ್ಯ. 1970ರಿಂದ ನಿರ್ದೇಶಕರೂ ಆಗಿದ್ದ ಅವರು ಬಾಖನ ಪ್ಯಾಷನ್‌ಗಳಲ್ಲಿ ವಾದ್ಯವೃಂದವನ್ನು ನಡೆಸುತ್ತಲೇ ಸುವಾರ್ತಾಕಾರನ ಪಾತ್ರವನ್ನು ತಾವೇ ಹಾಡುವುದನ್ನು ರೂಢಿಮಾಡಿಕೊಂಡಿದ್ದರು. ಕಾಂಟರ್ ಮತ್ತು ಶಿಷ್ಯ ಒಬ್ಬರಲ್ಲಿಯೇ ಸೇರಿದಂತಾಯಿತು. 2000ದ ಜೂನ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಟಮೀನೋ ಪಾತ್ರದೊಡನೆ ರಂಗವನ್ನು ಬಿಟ್ಟರು. 2005ರ ಡಿಸೆಂಬರ್ 22ರಂದು ಪ್ರಾಗ್ ನಗರದಲ್ಲಿ ಬಾಖನ ‘ಕ್ರಿಸ್‌ಮಸ್ ಒರಟೋರಿಯೋ’ವನ್ನು ನಿರ್ದೇಶಿಸಿ, ಸುವಾರ್ತಾಕಾರನಾಗಿ ಹಾಡಿ ಗಾಯನವನ್ನು ಮುಗಿಸಿದರು. 2019ರ ಕ್ರಿಸ್‌ಮಸ್ ದಿನ ಡ್ರೆಸ್ಡನ್ನಿನಲ್ಲಿ ತೀರಿಕೊಂಡರು. 1955ರಲ್ಲಿ ಮತ್ತೆ ಪೂಜೆಗೆ ತೆರೆದ ಕ್ರೊಯ್ಟ್ಸ್ ಚರ್ಚಿನ ಒಳಗೋಡೆಗಳಿಗೆ ಆಗ ತಾತ್ಕಾಲಿಕವಾಗಿ ಒರಟು ಗಾರೆಯನ್ನು ಬಳಿದಿದ್ದರು. ಅದನ್ನು ಇಂದಿಗೂ ನಯಮಾಡಿಲ್ಲ. ಹುಡುಗರು ಅದರ ನಡುವೆಯೇ ಹಾಡುತ್ತಾರೆ.